ಓಎಸ್ ಬದಲಾದ ಮೇಲೆ ಟೇಪ್ ಬ್ಯಾಕಪ್ ನಿಧಾನ: ಡ್ರೈವ್ ಬದಲಿಸಬೇಕೆ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಕಬ್ಬಿನ ತೂಕದ ಚೀಟಿಗಳ ಸ್ಕ್ಯಾನ್ ಪ್ರತಿ, ರೈತರ ಪಾವತಿ ಲೆಕ್ಕ ಎಲ್ಲ ಸೇರಿ ಸುಮಾರು 1.2 ಟಿಬಿ ದತ್ತಾಂಶವನ್ನು ಎಲ್‌ಟಿಒ-6 ಎಂಬ ಬಗೆಯ ಮ್ಯಾಗ್ನೆಟಿಕ್ ಟೇಪಿಗೆ ಬ್ಯಾಕಪ್ ಮಾಡುತ್ತೇವೆ. ಸರ್ವರನ್ನು ವಿಂಡೋಸ್ ಸರ್ವರ್ 2012 ಆರ್2ನಿಂದ 2019ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ, ಮೂರು ಗಂಟೆಯೊಳಗೆ ಮುಗಿಯುತ್ತಿದ್ದ ಕೆಲಸಕ್ಕೆ 14 ಗಂಟೆ ಹಿಡಿಯುತ್ತಿದೆ. ಟೇಪ್ ಬದಲಿಸಿದ್ದಾಯಿತು, ಕ್ಲೀನಿಂಗ್ ಕಾರ್ಟ್ರಿಡ್ಜ್ ಹಾಕಿದ್ದಾಯಿತು. ಡ್ರೈವ್ ಹೋಗಿದೆ, ಹೊಸದು ತರಿಸಿ ಎಂದು ಸರಬರಾಜುದಾರರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ಡ್ರೈವ್ ತರಿಸಬೇಡಿ. ಅಪ್‌ಗ್ರೇಡ್ ಆದ ದಿನವೇ ಡ್ರೈವ್ ಕೆಡುವುದು ಅಸಾಧ್ಯವಲ್ಲವಾದರೂ, ಅನುಮಾನಿಸಬೇಕಾದ ಕ್ರಮದಲ್ಲಿ ಅದು ಕೊನೆಯದು.

ನಿಮ್ಮ ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 120 ಎಂಬಿ ಇದ್ದ ವೇಗ ಈಗ 24 ಎಂಬಿಗೆ ಇಳಿದಿದೆ. ಎಲ್‌ಟಿಒ-6ರ ಸಹಜ ವೇಗ ಸೆಕೆಂಡಿಗೆ 160 ಎಂಬಿ. ಬರುವ ದತ್ತಾಂಶ ಕಡಿಮೆಯಾದಂತೆ ಡ್ರೈವ್ ತಾನೂ ನಿಧಾನಿಸುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. 24 ಎಂಬಿ ಆ ಮಿತಿಗಿಂತ ಕೆಳಗಿರುವುದರಿಂದ ಟೇಪು ನಿಂತು, ಸ್ವಲ್ಪ ಹಿಂದಕ್ಕೆ ಸುತ್ತಿಕೊಂಡು, ಮತ್ತೆ ಮುಂದಕ್ಕೆ ಓಡಬೇಕಾಗುತ್ತದೆ. ಡ್ರೈವಿನ ಹತ್ತಿರ ನಿಂತರೆ ಈ ಎಳೆದಾಟ ಕಿವಿಗೇ ಕೇಳಿಸುತ್ತದೆ. ಇದು ಹೀಗೇ ಮುಂದುವರಿದರೆ ಟೇಪನ್ನು ಓದಿ ಬರೆಯುವ ಹೆಡ್ಡೂ ಟೇಪೂ ಬೇಗ ಸವೆದು, ಸರಬರಾಜುದಾರರ ಮಾತೇ ನಿಜವಾದೀತು.

ಮೊದಲು ತಿಳಿಯಬೇಕಾದದ್ದು, ತಡವಾಗುತ್ತಿರುವುದು ಡಿಸ್ಕಿನಿಂದ ಓದುವಾಗಲೋ ಟೇಪಿಗೆ ಬರೆಯುವಾಗಲೋ ಎಂಬುದು. ಸರ್ವರಿನ ರ್‍ಯಾಮಿಗಿಂತ ದೊಡ್ಡದಾದ ಒಂದೇ ಜಿಪ್ ಕಡತವನ್ನು ಪ್ರತ್ಯೇಕವಾಗಿ ಟೇಪಿಗೆ ಕಳುಹಿಸಿ, ಬಳಿಕ ತೂಕದ ಚೀಟಿಗಳ ಫೋಲ್ಡರ್ ಒಂದನ್ನು ಕಳುಹಿಸಿ, ಎರಡರ ವೇಗವನ್ನೂ ಬರೆದಿಟ್ಟುಕೊಳ್ಳಿ. ಬರೀ ಸೊನ್ನೆ ತುಂಬಿದ ಕಡತ ಈ ಪರೀಕ್ಷೆಗೆ ಬೇಡ. ಡ್ರೈವ್ ಅದನ್ನು ಕುಗ್ಗಿಸಿ ಇಲ್ಲದ ವೇಗ ತೋರಿಸುತ್ತದೆ.

ದೊಡ್ಡ ಕಡತ ವೇಗವಾಗಿ ಹೋಗಿ ಚೀಟಿಗಳು ಮಾತ್ರ ತೆವಳಿದರೆ ಟೇಪಿನದು ತಪ್ಪಿಲ್ಲ. ಆಗ ಆಂಟಿವೈರಸ್ ನೋಡಿ. 2012 ಆರ್2ನಲ್ಲಿ ಇಲ್ಲದಿದ್ದ ಡಿಫೆಂಡರ್ ಆಂಟಿವೈರಸ್ 2016ರ ಆವೃತ್ತಿಯಿಂದೀಚೆಗೆ ಸರ್ವರಿನೊಂದಿಗೇ ಬರುತ್ತದೆ ಮತ್ತು ತಾನಾಗಿಯೇ ಚಾಲೂ ಇರುತ್ತದೆ. ಡೆಸ್ಕ್‌ಟಾಪ್ ವಿಂಡೋಸಿನಲ್ಲಿ ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಹಿಂದೆ ಸರಿಯುತ್ತದೆ. ಸರ್ವರಿನಲ್ಲಿ ಹಾಗೆ ಸರಿಯುವುದಿಲ್ಲ. ನೀವು ಮೊದಲಿನಿಂದ ಬಳಸುತ್ತಿರುವ ಆಂಟಿವೈರಸ್ ಕೂಡ ಉಳಿದಿದ್ದರೆ, ಪ್ರತಿಯೊಂದು ಚೀಟಿಯೂ ಎರಡೆರಡು ತಪಾಸಣೆ ದಾಟಿ ಟೇಪಿಗೆ ಹೋಗುತ್ತಿರಬಹುದು. ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಬ್ಯಾಕಪ್ ತಂತ್ರಾಂಶದ ಪ್ರಾಸೆಸ್ ತೆರೆಯುವ ಕಡತಗಳಿಗೆ ಅದರಲ್ಲಿ ವಿನಾಯಿತಿ ಕೊಡಿ. ಆಂಟಿವೈರಸನ್ನೇ ಪೂರ್ತಿ ತೆಗೆದುಹಾಕುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ.

ಎರಡೂ ಒಂದೇ ತೆರನಾಗಿ ನಿಧಾನವಾದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನು, ಅಂದರೆ ಯಂತ್ರಭಾಗವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶವನ್ನು. ಅಪ್‌ಗ್ರೇಡ್ ವೇಳೆ ಟೇಪ್ ಡ್ರೈವ್ ಮತ್ತು ಅದನ್ನು ಸರ್ವರಿಗೆ ಜೋಡಿಸುವ ಎಚ್‌ಬಿಎ ಕಾರ್ಡಿನ ತಯಾರಕರ ಡ್ರೈವರ್ ಹೋಗಿ, ವಿಂಡೋಸಿನದೇ ಸಾಮಾನ್ಯ ಡ್ರೈವರ್ ಕೂತಿರುವುದುಂಟು; ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರ್ ಒದಗಿಸಿದವರ ಹೆಸರು ನೋಡಿದರೆ ಗೊತ್ತಾಗುತ್ತದೆ. ಇದರ ಜೊತೆಗೆ ಬ್ಲಾಕ್ ಗಾತ್ರವೂ, ಅಂದರೆ ಒಂದು ಸಲಕ್ಕೆ ಟೇಪಿಗೆ ಕಳುಹಿಸುವ ದತ್ತಾಂಶದ ತುಂಡಿನ ಗಾತ್ರವೂ, 64 ಕೆಬಿಗೆ ಇಳಿದಿರಬಹುದು. 2019ಕ್ಕೆ ಹೊಂದುವ ತಯಾರಕರ ಡ್ರೈವರ್‌ಗಳನ್ನು ಹಾಕಿ, ಬ್ಯಾಕಪ್ ತಂತ್ರಾಂಶದಲ್ಲಿ ಗಾತ್ರವನ್ನು 256 ಕೆಬಿಗೆ ಏರಿಸಿ ನೋಡಿ.

ಬ್ಲಾಕ್ ಗಾತ್ರ ಬದಲಿಸುವಾಗ ಅವಸರ ಬೇಡ. ದೊಡ್ಡ ಬ್ಲಾಕಿನಲ್ಲಿ ಬರೆದ ಟೇಪನ್ನು, 64 ಕೆಬಿ ಮಾತ್ರ ಸಾಗಿಸಬಲ್ಲ ಇನ್ನೊಂದು ಯಂತ್ರ ಓದಲಾರದು. ಆದ್ದರಿಂದ ಹಳೆಯ ಟೇಪುಗಳ ಮೇಲೆ ಬರೆಯುವ ಮೊದಲು ಖಾಲಿ ಟೇಪೊಂದಕ್ಕೆ ಬ್ಯಾಕಪ್ ಮಾಡಿ, ಅದರಿಂದ ಕೆಲವು ಪಾವತಿ ಕಡತಗಳನ್ನು ನಿಮ್ಮ ಬದಲಿ ಸರ್ವರಿನಲ್ಲಿ ಮರಳಿ ಪಡೆದು, ತೆರೆದು ನೋಡಿ. ಇಷ್ಟಾದ ಮೇಲೂ ದೊಡ್ಡ ಕಡತದ ವೇಗ ಏರದಿದ್ದರೆ ಡ್ರೈವ್ ತಯಾರಕರ ತಪಾಸಣಾ ತಂತ್ರಾಂಶವನ್ನು ಓಡಿಸಿ, ಅದರ ವರದಿಯನ್ನು ಸರಬರಾಜುದಾರರ ಮುಂದಿಡಿ.