ಫಿಟ್ಸ್‌ಗೆ ಮೆದುಳಿನ ಆಪರೇಷನ್ ಆದರೆ ನೆನಪು ಹೋಗುತ್ತಾ?

ತಮ್ಮನಿಗೆ ಮುಂಬೈಯಲ್ಲಿ ಮೆದುಳಿನ ಎಡಭಾಗಕ್ಕೆ ಆಪರೇಷನ್ ಹೇಳಿದ್ದಾರೆ, ನಮ್ಮನ್ನೇ ಮರೆತುಬಿಡ್ತಾನಾ ಅಂತ ಡೊಂಬಿವಲಿಯಿಂದ ಕೇಳಿದ್ದೀರಿ. ಸಾಮಾನ್ಯವಾಗಿ ಹಾಗಾಗುವುದಿಲ್ಲ.

1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಫಿಟ್ಸ್ ನಿಲ್ಲಿಸಲು ಎರಡೂ ಕಡೆಯ ಹಿಪೊಕ್ಯಾಂಪಸ್‌ನ ಬಹುಪಾಲು ತೆಗೆದರು. ಹೊಸ ನೆನಪು ಕಟ್ಟಲು ಬೇಕಾದ ಮೆದುಳಿನ ಜಾಗ ಅದು. 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಮುಖ, ಹೊಸ ಮಾತು ಅವರಲ್ಲಿ ನಿಲ್ಲಲೇ ಇಲ್ಲ. ಬಾಲ್ಯದ ನೆನಪು ಮಾತ್ರ ಉಳಿದಿತ್ತು. ಅದಕ್ಕೇ ಈಗ ಒಂದೇ ಕಡೆ ಆಪರೇಷನ್ ಮಾಡುತ್ತಾರೆ.

ಆದರೂ ಬಹಳ ಜನರಲ್ಲಿ ಎಡಭಾಗ ಮಾತಿನ ನೆನಪಿಗೆ ಸೇರಿದ್ದು. ಹೆಸರು, ಪದ ಬೇಗ ಹೊಳೆಯದೆ ಹೋಗಬಹುದು. ನನ್ನ ಅಕ್ಕ ಆಪರೇಷನ್ ಆದಮೇಲೆ ಮಾಟುಂಗಾ ಮಾರ್ಕೆಟ್‌ನಲ್ಲಿ ಹೀರೇಕಾಯಿ ಕೈಯಲ್ಲಿ ಹಿಡಿದು ಅದರ ಹೆಸರಿಗೆ ತಡಕಾಡುತ್ತಿದ್ದಳು. ಕಣ್ಣಲ್ಲಿ ನೀರು ಬರ್ತಿತ್ತು. ಚೀಟಿ ಬರೆದಿಟ್ಟುಕೊಳ್ಳುವುದು ಅವಳಿಗೆ ತುಂಬಾ ಸಹಾಯವಾಯಿತು.

ಆಪರೇಷನ್‌ಗೆ ಮುಂಚೆ ನೆನಪಿನ ಪರೀಕ್ಷೆ ಇರುತ್ತದೆ. ಅದನ್ನು ತಮ್ಮನಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾಡಿ ಅಂತ ಕೇಳಿಕೊಳ್ಳಿ. ಅವನಿಗೆ ಕನ್ನಡವೇ ಜಾಸ್ತಿ ಬರುತ್ತಿದ್ದು, ಪದಗಳ ಪಟ್ಟಿ ಹಿಂದಿಯಲ್ಲಿ ಕೊಟ್ಟರೆ, ಭಾಷೆ ಬಾರದಿದ್ದದ್ದೂ ಮರೆವಿನ ಲೆಕ್ಕಕ್ಕೆ ಬೀಳುತ್ತದೆ, ಅಲ್ವಾ?

ಮತ್ತೆ, ನಿಲ್ಲದೆ ಬರುವ ಫಿಟ್ಸ್ ಕೂಡ ನೆನಪನ್ನು ಸವೆಸುತ್ತದೆ. ಸುಮ್ನೆ ಮುಂದೂಡುವ ಮೊದಲು ಡಾಕ್ಟರ ಹತ್ತಿರ ಅದನ್ನೂ ಮಾತಾಡಿ.