ವಾರ್ನಿಂಗ್ ನೋಡಿ ಹೆದರಿದ ತಮ್ಮನಿಗೆ

ತಮ್ಮಾ, ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಬಂದು ಮೂರು ತಿಂಗಳಾಯಿತು, ಟೌನ್ ಆಫೀಸಿನ ಬಾಗಿಲಲ್ಲಿ 'ವಾರ್ನಿಂಗ್' ಅಂತ ದಪ್ಪ ಅಕ್ಷರದ ಕಾಗದ ನೋಡಿ ಎದೆ ಧಸಕ್ಕೆಂದಿತು ಅಂತ ಬರೆದಿದ್ದೀಯ. ಅದರೊಳಗೆ 'ಮೂರು ವರ್ಷದ ಅವಧಿಗೆ ಒಬ್ಬ ಆಡಿಟರ್ ಆಯ್ಕೆ' ಅಂತ ಒಂದು ಸಾಲು. ಆಡಿಟರ್‌ಗೂ ಎಲೆಕ್ಷನ್ನಾ? ಅವರು ಮನೆಗೆ ಬಂದು ಟ್ಯಾಕ್ಸ್ ಕಾಗದ ಕೇಳುತ್ತಾರಾ? ನಾನು ಹೋಗಿ ಓಟು ಹಾಕಬೇಕಾ? ಇವು ನಿನ್ನ ಮೂರು ಪ್ರಶ್ನೆ. ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತಿದ್ದೇನೆ.

ವಾರ್ನಿಂಗ್ ಅಂದರೆ ಇಲ್ಲಿ ಸಭೆಯ ನೋಟಿಸು, ಅಷ್ಟೇ. ಹಳೇ ಹೆಸರು, ಬಿಟ್ಟಿಲ್ಲ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಟೌನ್ ಮೀಟಿಂಗ್, ಅಂದರೆ ಊರಿನ ಮತದಾರರೆಲ್ಲ ಸೇರುವ ವರ್ಷದ ಸಭೆ. ಅದಕ್ಕೆ 30ರಿಂದ 40 ದಿನ ಮುಂಚೆ, ಸಭೆಯ ಮುಂದೆ ಏನೇನು ಬರುತ್ತದೆ ಅಂತ ಅಂಟಿಸಬೇಕು. ನಾನು 2003ರಲ್ಲಿ ಎಸೆಕ್ಸ್ ಜಂಕ್ಷನ್ನಿನ ಚಿಪ್ ಫ್ಯಾಕ್ಟರಿಗೆ ಬಂದಾಗ (ಆಗ ಅದು ಐಬಿಎಂ, ಈಗಿನ ಗ್ಲೋಬಲ್‌ಫೌಂಡ್ರೀಸ್) ಇದೇ ಕಾಗದ ನೋಡಿ, ಆ ಕಟ್ಟಡ ಕೆಡವುತ್ತಾರೇನೋ ಅಂದುಕೊಂಡಿದ್ದೆ.

ಇನ್ನು ಓಟು. ಇದನ್ನು ಎರಡು ಸಲ ಓದು. ನೀನು ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀಯ, ಇಲ್ಲಿನ ನಾಗರಿಕ ಅಲ್ಲ. ಓಟು ಹಾಕಬೇಡ, ಪಟ್ಟಿಗೆ ಹೆಸರೂ ಸೇರಿಸಬೇಡ. ಡ್ರೈವಿಂಗ್ ಲೈಸನ್ಸ್ ಮಾಡಿಸುವ ಅರ್ಜಿಯಲ್ಲೇ ಮತದಾರರ ಪಟ್ಟಿಯ ಪ್ರಶ್ನೆ ಇರುತ್ತದೆ. ಆತುರದಲ್ಲಿ ತಪ್ಪು ಕಡೆ ಗುರುತು ಹಾಕಿದರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ಮಾಂಟ್‌ಪೀಲಿಯರ್, ವಿನೂಸ್ಕಿಯಂಥ ಕೆಲವೇ ನಗರಗಳಲ್ಲಿ ನಾಗರಿಕರಲ್ಲದವರಿಗೂ ಸ್ಥಳೀಯ ಓಟು ಇದೆ. ನೀನಿರುವುದು ಅಲ್ಲಲ್ಲ. ಆದರೆ ಸಭೆಗೆ ಹೋಗಿ ಕೂರಲು ಯಾರ ಅಡ್ಡಿಯೂ ಇಲ್ಲ.

ಈಗ ಆಡಿಟರ್ ವಿಷಯಕ್ಕೆ ಬರೋಣ. ಇದನ್ನು ಕೇಳಿದ್ದು ಖುಷಿಯಾಯಿತು, ಯಾಕೆಂದರೆ ಆರು ವರ್ಷ ಆ ಕೆಲಸ ನಾನೇ ಮಾಡಿದ್ದೇನೆ.

ಅಪ್ಪ ತಿಪಟೂರು ಕಡೆ ಪಂಚಾಯ್ತಿ ಸೆಕ್ರೆಟರಿಯಾಗಿದ್ದರು. 'ಆಡಿಟ್ ಪಾರ್ಟಿ ಬರ್ತಿದೆ' ಅಂದರೆ ಮನೆಯಲ್ಲಿ ನಡುರಾತ್ರಿವರೆಗೂ ಲೈಟು ಉರಿಯುತ್ತಿತ್ತು. ನಡುಮನೆ ತುಂಬ ಕ್ಯಾಶ್ ಬುಕ್, ವೋಚರ್ ಕಟ್ಟು. ಅಮ್ಮ ಬೆಳಿಗ್ಗೆ ಉಪ್ಪಿಟ್ಟಿಗೆ ನಾಲ್ಕು ಲೋಟ ರವೆ ಜಾಸ್ತಿ ಹುರಿಯುತ್ತಿದ್ದರು. ಬರುವವರು ಸರ್ಕಾರದ ಇಲಾಖೆಯವರು, ಹೊರಗಿನವರು. ಆಬ್ಜೆಕ್ಷನ್ ಬರೆದು ಸಂಜೆ ಬಸ್ಸು ಹತ್ತುತ್ತಿದ್ದರು. ಇಲ್ಲಿ ಹಾಗಲ್ಲ. ಲೆಕ್ಕ ನೋಡುವವರೂ ಅದೇ ಊರಿನವರು. ಲೆಕ್ಕ ಬರೆದವರ ಪಕ್ಕದ ಮನೆಯವರೇ ಇರಬಹುದು.

ಕಾನೂನಿನ ಪ್ರಕಾರ ಒಂದು ಟೌನಿಗೆ ಮೂವರು ಆಡಿಟರ್‌ಗಳು. ಅವಧಿ ಮೂರು ವರ್ಷ, ವರ್ಷಕ್ಕೊಬ್ಬರ ಆಯ್ಕೆ. ಹಾಗಾಗಿ ಮೂವರೂ ಒಟ್ಟಿಗೆ ಹೊಸಬರಾಗುವುದಿಲ್ಲ. ಸಿಎ ಆಗಿರಬೇಕಿಲ್ಲ, ಊರಿನ ಮತದಾರರಾಗಿದ್ದರೆ ಸಾಕು. ಯಾರು ಆಗಬಾರದು ಅನ್ನುವುದು ಮಾತ್ರ ಕಟ್ಟುನಿಟ್ಟು. ಊರು ನಡೆಸುವ ಸೆಲೆಕ್ಟ್‌ಬೋರ್ಡಿನ ಸದಸ್ಯರು, ಟೌನ್ ಕ್ಲರ್ಕ್, ಖಜಾಂಚಿ, ತೆರಿಗೆ ವಸೂಲಿ ಮಾಡುವವರು, ರಸ್ತೆ ಕಮಿಷನರ್, ಇವರ್‍ಯಾರೂ ನಿಲ್ಲುವಂತಿಲ್ಲ. ಅವರ ಗಂಡ ಹೆಂಡತಿಯೂ ನಿಲ್ಲುವಂತಿಲ್ಲ. ಅವರ ಕೆಲಸಕ್ಕೆ ಕೈಜೋಡಿಸುವವರೂ ನಿಲ್ಲುವಂತಿಲ್ಲ. ಗಂಡ ಬರೆದ ಲೆಕ್ಕಕ್ಕೆ ಹೆಂಡತಿ ಟಿಕ್ ಹಾಕುವ ಕಥೆ ಬೇಡ ಅಂತ.

ನನ್ನ ಆಯ್ಕೆ ಆಗಿದ್ದು ಹೀಗೆ. ನಾಗರಿಕಳಾಗಿ ಎರಡನೇ ವರ್ಷ, ಶಾಲೆಯ ಜಿಮ್‌ನಲ್ಲಿ ಟೌನ್ ಮೀಟಿಂಗ್. ಆಡಿಟರ್ ಜಾಗಕ್ಕೆ ಯಾರೂ ಇಲ್ಲ. ಸಭೆ ನಡೆಸುವ ಮಾಡರೇಟರ್ ಮೂರು ಸಲ ಕೇಳಿದರು. ಹಸು ಸಾಕುವ ನಮ್ಮ ಪಕ್ಕದ ಮನೆಯ ಅಜ್ಜಿ ಎದ್ದು ನಿಂತು ನನ್ನ ಹೆಸರು ಹೇಳಿಬಿಟ್ಟರು, ಅದೂ ತಪ್ಪು ಉಚ್ಚಾರದಲ್ಲಿ. ನಾನು ಇಂಜಿನಿಯರ್, ಅಕೌಂಟ್ಸ್ ಗೊತ್ತಿಲ್ಲ ಅಂದೆ. 'ಕೂಡುವುದು ಕಳೆಯುವುದು ಬರುತ್ತೆ ಅಲ್ವಾ?' ಅಂದರು. ಜಿಮ್ಮೆಲ್ಲ ನಕ್ಕಿತು. 'ಒಪ್ಪುವವರು?' ಅಂದಾಗ 'ಆಯ್' (ಹೌದು) ಅಂತ ಒಂದೇ ದನಿ. ಅಷ್ಟರಲ್ಲಿ ನನ್ನ ಎಲೆಕ್ಷನ್ ಮುಗಿದಿತ್ತು.

ಕೆಲಸ ಏನಪ್ಪಾ ಅಂದರೆ, ಟೌನ್ ಆಫೀಸಿನ ಹಿಂದಿನ ಕೋಣೆಯಲ್ಲಿ ಮೂವರು ಕೂತು ಕಾಗದ ನೋಡುವುದು. ನಮ್ಮೂರಿನ ಲೆಕ್ಕದ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ನಾವು ನವೆಂಬರಿನಲ್ಲಿ ಶುರು ಮಾಡುತ್ತಿದ್ದೆವು. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಖಜಾಂಚಿಯ ಪುಸ್ತಕಕ್ಕೂ ತಾಳೆ ಆಗುತ್ತದೆಯೇ? ಪ್ರತಿ ಚೆಕ್ಕಿಗೂ ಬಿಲ್ ಇದೆಯೇ, ಬಿಲ್ಲಿಗೆ ಸೆಲೆಕ್ಟ್‌ಬೋರ್ಡಿನ ಸಹಿ ಇದೆಯೇ? ಬಂದ ತೆರಿಗೆ ಎಷ್ಟು, ಬಾಕಿ ಯಾರದು? ಎಲ್ಲ ಬಿಲ್ಲನ್ನೂ ನೋಡಲಾಗುವುದಿಲ್ಲ, ಅಲ್ಲೊಂದು ಇಲ್ಲೊಂದು ಎತ್ತಿ ನೋಡುವುದು. ನಿನ್ನ ಸಂಬಳ, ನಿನ್ನ ಆದಾಯ ತೆರಿಗೆಗೂ ಇದಕ್ಕೂ ಸಂಬಂಧವೇ ಇಲ್ಲ. ನಾವು ನೋಡುವುದು ಊರಿನ ಪುಸ್ತಕ, ಮನೆಯ ಪುಸ್ತಕ ಅಲ್ಲ.

ಕಷ್ಟ ಇರುವುದು ಕೂಡುವುದರಲ್ಲಿ ಅಲ್ಲ, ಕೇಳುವುದರಲ್ಲಿ. ಒಂದು ಚಳಿಗಾಲದಲ್ಲಿ ನನ್ನ ಕಾರು ರಸ್ತೆ ಪಕ್ಕದ ಹಳ್ಳಕ್ಕೆ ಜಾರಿತು. ಊರಿನ ರಸ್ತೆ ಕೆಲಸದ ಮುಖ್ಯಸ್ಥ ಟ್ರಕ್ ತಂದು, ಚೈನ್ ಕಟ್ಟಿ, ಎಳೆದು ಹಾಕಿದ. ದುಡ್ಡು ಕೊಡಲು ಹೋದರೆ ಬೈದ. ಮುಂದಿನ ವಾರ ಅದೇ ಮನುಷ್ಯನ ಹತ್ತಿರ ಡೀಸೆಲ್ ರಿಜಿಸ್ಟರ್ ಕೇಳಬೇಕು! ನಾಲಿಗೆ ಏಳಲಿಲ್ಲ. ಕೊನೆಗೆ ಕೇಳಿದೆ. ಅವನು ಒಂದು ಮಾತೂ ಆಡದೆ ಎಣ್ಣೆ ಕಲೆಯ ನೋಟ್‌ಬುಕ್ ಮೇಜಿನ ಮೇಲಿಟ್ಟು ಹೋದ. ಲೆಕ್ಕ ಸರಿಯಾಗಿತ್ತು. ಮಾತು ಮಾತ್ರ ಹಿಮ ಕರಗಿ ಮಣ್ಣಿನ ರಸ್ತೆ ಒಣಗುವವರೆಗೂ ಕಡಿಮೆಯೇ. ಆಗ ಅಪ್ಪನ ಆಡಿಟ್ ಪಾರ್ಟಿಯ ಸುಖ ಅರ್ಥವಾಯಿತು. ಅವರಿಗೆ ಸಂಜೆ ಬಸ್ಸಿತ್ತು.

ತಪ್ಪು ಸಿಕ್ಕಿದ್ದೂ ಇದೆ. ಜಲ್ಲಿಯ ಒಂದು ಬಿಲ್ಲಿಗೆ ಎರಡು ಸಲ ದುಡ್ಡು ಹೋಗಿತ್ತು. ಒಮ್ಮೆ ಅಂಚೆಯಲ್ಲಿ ಬಂದ ಬಿಲ್ಲು, ಇನ್ನೊಮ್ಮೆ ಇಮೇಲಿನಲ್ಲಿ ಬಂದ ಅದೇ ಬಿಲ್ಲು. ತಿಂಗಳು ಬೇರೆ, ಮೊತ್ತ ಪೈಸೆ ಬಿಡದೆ ಒಂದೇ. ಕಳ್ಳತನ ಅಲ್ಲ, ಸುಸ್ತಾದವರ ಕೈತಪ್ಪು. ಜಲ್ಲಿಯವರು ಮುಂದಿನ ಬಿಲ್ಲಿನಲ್ಲಿ ಅಷ್ಟು ದುಡ್ಡು ಕಡಿಮೆ ಮಾಡಿದರು. 'ವರದಿಯಲ್ಲಿ ಹಾಕಲೇಬೇಕಾ?' ಅಂತ ನಮ್ಮ ಮೂವರಲ್ಲೇ ಅರ್ಧ ಗಂಟೆ ಚರ್ಚೆ. ಹಾಕಿದೆವು. ಯಾಕೆಂದರೆ ಆಡಿಟರ್ ಕೈಯಲ್ಲಿ ಇರುವುದು ಅದೊಂದೇ. ನಾವು ಸೆಲೆಕ್ಟ್‌ಬೋರ್ಡಿಗೆ ಹೀಗೆ ಮಾಡಿ ಅಂತ ಆಜ್ಞೆ ಕೊಡುವಂತಿಲ್ಲ, ಯಾರನ್ನೂ ತೆಗೆಯುವಂತಿಲ್ಲ. ಅವರೂ ನಮಗೆ ಯಜಮಾನರಲ್ಲ. ಕಂಡದ್ದನ್ನು ಬರೆದು ಮತದಾರರ ಮುಂದಿಡಬೇಕು. ಪುಸ್ತಕ ಕೊಡದೆ ಬೇಕೆಂದೇ ಸತಾಯಿಸಿದ ಅಧಿಕಾರಿ ಮುಂದಿನ ವರ್ಷ ಮತ್ತೆ ಆಯ್ಕೆಯಾಗುವಂತಿಲ್ಲ ಅಂತ ಕಾನೂನೇ ಇದೆ. ನಮಗೆ ಅದನ್ನು ಬಾಯಿಗೆ ತರುವ ಸಂದರ್ಭ ಬರಲಿಲ್ಲ.

ಸಭೆಗೆ ಕನಿಷ್ಠ 25 ದಿನ ಮೊದಲು ಆಡಿಟರ್‌ಗಳು ಸೇರಲೇಬೇಕು, ಕನಿಷ್ಠ 10 ದಿನ ಮೊದಲು ಟೌನ್ ರಿಪೋರ್ಟ್, ಅಂದರೆ ಊರಿನ ವರ್ಷದ ಲೆಕ್ಕದ ಪುಸ್ತಕ, ಜನರಿಗೆ ತಲುಪಬೇಕು. ಆ ಪುಸ್ತಕ ಒಂದು ಪ್ರತಿ ತಗೋ. ಊರಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಇನ್ನೊಂದಿಲ್ಲ. ಹಿಮದ ರಸ್ತೆಗೆ ಹಾಕುವ ಉಪ್ಪು, ಮರಳಿಗೆ, ಡೀಸೆಲ್‌ಗೆ ಎಷ್ಟು ಹೋಯಿತು, ಲೈಬ್ರರಿಗೆ ಎಷ್ಟು ಕೊಟ್ಟರು, ಹಿಮ ತೆಗೆಯುವ ಟ್ರಕ್ಕಿಗೆ ಎಷ್ಟು ಎತ್ತಿಟ್ಟಿದ್ದಾರೆ, ಎಲ್ಲ ಇರುತ್ತದೆ. ನಮ್ಮೂರಿನದರಲ್ಲಿ ತೆರಿಗೆ ಬಾಕಿ ಇಟ್ಟವರ ಹೆಸರೂ ಅಚ್ಚಾಗುತ್ತದೆ. ಜನ ಮೊದಲು ಓದುವುದು ಅದೇ ಪುಟ, ಇಲ್ಲ ಅಂದವರು ಸುಮ್ನೆ ಹೇಳುತ್ತಾರೆ. ನಮ್ಮ ಕಡೆ ಗ್ರಾಮ ಪಂಚಾಯ್ತಿ ಜಮಾಬಂದಿಯಲ್ಲೂ ವರ್ಷದ ಲೆಕ್ಕ ಜನರ ಮುಂದೆ ಬರುತ್ತದಲ್ಲ. ಇಲ್ಲಿ ಅದು ಪುಸ್ತಕವಾಗಿ ಮೊದಲೇ ಮನೆ ಸೇರುತ್ತದೆ, ಹಾಗಾಗಿ ಸಭೆಗೆ ಬರುವವರ ಕೈಯಲ್ಲಿ ಪೆನ್ಸಿಲ್ ಗುರುತು ಹಾಕಿದ ಪುಟ ಇರುತ್ತದೆ.

ಈಗ ಎಷ್ಟೋ ಊರುಗಳು ಈ ಹುದ್ದೆಯನ್ನೇ ಓಟು ಹಾಕಿ ತೆಗೆದುಬಿಟ್ಟಿವೆ. ಹಾಗೆ ತೆಗೆದರೆ ಸೆಲೆಕ್ಟ್‌ಬೋರ್ಡ್ ಲೈಸನ್ಸ್ ಇರುವ ಅಕೌಂಟೆಂಟರಿಂದ ಆಡಿಟ್ ಮಾಡಿಸಬೇಕು. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಗ್ರಾಂಟು, ಸಾಲ, ಕೇಂದ್ರ ಸರ್ಕಾರದ ದುಡ್ಡು ಬಂದಮೇಲೆ ನಮ್ಮಂಥವರ ಕೂಡುವುದು ಕಳೆಯುವುದು ಸಾಲದು. ಆದರೆ ಹೊರಗಿನ ಅಕೌಂಟೆಂಟಿಗೆ ಬಿಲ್ಲಿನಲ್ಲಿರುವ ಜಲ್ಲಿ ನಿಜವಾಗಿ ಯಾವ ರಸ್ತೆಗೆ ಬಿತ್ತು ಅಂತ ಗೊತ್ತಾಗುವುದಿಲ್ಲ. ಆ ಅಜ್ಜಿಗೆ ಗೊತ್ತಾಗುತ್ತದೆ, ದಿನಾ ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು ಸಾಗಿಸಿದವರು. ನನ್ನ ಕೇಳಿದರೆ ಎರಡೂ ಇರಲಿ.

ಮೀಟಿಂಗಿಗೆ ಹೋಗಬೇಕು ಅಂದರೆ ಆಫೀಸಿನಲ್ಲಿ ಏಳು ದಿನ ಮುಂಚೆ ತಿಳಿಸು. ಸಂಬಳ ಇಲ್ಲದ ರಜೆ ಕೇಳುವ ಹಕ್ಕು ಇದೆಯಾದರೂ ಅದು ಓಟಿರುವವರನ್ನು ನೆನೆದು ಮಾಡಿದ್ದು, ನೀನು ಒಂದು ದಿನ ರಜೆ ಹಾಕುವುದೇ ವಾಸಿ. ಓಟಿಲ್ಲದವರು ಒಂದು ಬದಿಗೆ ಕೂರಬೇಕಾಗಬಹುದು. ಸಭೆ ಒಪ್ಪಿದರೆ ಮಾತೂ ಆಡಬಹುದು, ಮೊದಲ ವರ್ಷ ಸುಮ್ಮನೆ ಕೇಳು. ಮಧ್ಯಾಹ್ನ ಎಲ್ಲರೂ ಮನೆಯಿಂದ ತಂದದ್ದನ್ನು ಹಂಚಿ ಊಟ. ಚಿತ್ರಾನ್ನ ಮಾಡಿಕೊಂಡು ಹೋಗು, ಖಾರ ಅರ್ಧ ಮಾಡು. ಶೇಂಗಾ ಹಾಕಿದೆ ಅಂತ ಪಾತ್ರೆಯ ಮೇಲೆ ಚೀಟಿ ಅಂಟಿಸುವುದು ಮರೆಯಬೇಡ.