ಓದುಗರ ಪ್ರಶ್ನೆ: ಮಳೆಗಾಲದ ಫೋಟೋ ವಿಷಯ

ಪ್ರಶ್ನೆ: ನಮ್ಮ ಫೋಟೋಗ್ರಫಿ ಕ್ಲಬ್ಬಿನಲ್ಲಿ ತಿಂಗಳಿಗೊಂದು ವಿಷಯ ಕೊಡುತ್ತೇವೆ. ಜುಲೈಗೆ ‘ಮಳೆ’ ಎಂದರೆ ಎಲ್ಲರದ್ದೂ ಒಂದೇ ಥರದ ಬೂದು ಚಿತ್ರ. ಹಳೆಯ ಫೋಟೋ ಕಳಿಸುವವರೂ ಇದ್ದಾರೆ. ಏನು ಮಾಡಬಹುದು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ‘ಮಳೆ’ ತೀರಾ ಅಗಲವಾದ ವಿಷಯ. ‘ಹೆಂಚಿನಂಚಿನ ನೀರು’, ‘ನಾಟಿ ಗದ್ದೆಯ ಕೈಗಳು’ ಎಂದು ಕಿರಿದು ಮಾಡಿಕೊಡಿ, ಆಗ ಜನ ಹತ್ತಿರ ಹೋಗಿ ನೋಡುತ್ತಾರೆ.

ಬಿಳಿ ಆಕಾಶದೆದುರು ಮಳೆಹನಿ ಕಾಣುವುದೇ ಇಲ್ಲ. ಹಿನ್ನೆಲೆ ಕಪ್ಪಾಗಿರಲಿ: ಕಾಫಿ ಗಿಡಗಳ ನೆರಳು, ತೆರೆದ ಬಾಗಿಲಿನೊಳಗಿನ ಕತ್ತಲು. ಬೆಳಕು ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು. ಶಟರ್ 1/30 ಸೆಕೆಂಡ್ ಇಟ್ಟರೆ ಹನಿ ಗೆರೆಯಾಗುತ್ತದೆ; ಹೆಂಚಿನಿಂದ ತೊಟ್ಟಿಕ್ಕುವ ಹನಿಯನ್ನು ಹಿಡಿದು ನಿಲ್ಲಿಸಲು 1/1000 ಬೇಕು. ಬೂದು ಬಣ್ಣಕ್ಕೆ ಕಾರಣ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್. ಮಂಜಿನ ಬಿಳುಪನ್ನು ಅದು ಮಬ್ಬಾಗಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +0.7ರಿಂದ +1ಕ್ಕೆ ಏರಿಸಿ.

ಹಳೆಯ ಫೋಟೋ ತಡೆಯಲು, ಆಯಾ ತಿಂಗಳು ತೆಗೆದದ್ದು ಮಾತ್ರ, ಒಬ್ಬರಿಗೆ ಎರಡೇ ಎಂದು ನಿಯಮ ಮಾಡಿ. ವಾಟ್ಸ್ಯಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ತೆಗೆದ ದಿನಾಂಕದ ಮಾಹಿತಿ ಅಳಿಸಿಹೋಗುತ್ತದೆ, ಗುಣಮಟ್ಟವೂ ಕುಸಿಯುತ್ತದೆ. ಡಾಕ್ಯುಮೆಂಟ್ ಆಗಿಯೇ ತರಿಸಿಕೊಳ್ಳಿ.

ಕಾಫಿ ಹೂವಿಗೆ ಮಾತ್ರ ತಿಂಗಳು ನಿಗದಿ ಮಾಡಬೇಡಿ. ಹೂಮಳೆ (ಕಾಫಿ ಮೊಗ್ಗನ್ನು ಅರಳಿಸುವ ಮಳೆ) ಬಿದ್ದು ಎಂಟು-ಹತ್ತು ದಿನಕ್ಕೆ ಅರಳುವ ಹೂ ಎರಡು-ಮೂರು ದಿನದಲ್ಲಿ ಬಾಡುತ್ತದೆ. ಮಳೆ ಬಿದ್ದ ದಿನವೇ ವಿಷಯ ಘೋಷಿಸಿ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಗೆ ಕತ್ತಲಲ್ಲಿ ಕದಿರು ಕೊಯ್ಯುವುದರಿಂದ ಕಡಿಮೆ ಬೆಳಕಿಗೂ ಒದಗುವ ಎಫ್/1.8 ಲೆನ್ಸ್ ಇದ್ದವರು ಇಲ್ಲದವರಿಗೆ ಎರವಲು ಕೊಡಲಿ.

ಲೆನ್ಸನ್ನು ಒದ್ದೆ ಬ್ಯಾಗಿನಲ್ಲಿ ಮುಚ್ಚಿಡಬೇಡಿ, ಫಂಗಸ್ ಹಿಡಿಯುತ್ತದೆ. ಒರೆಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ.